ಅಬ್ರಹಾಂ ಲಿಂಕನ್ ಅವರ ಚುನಾವಣಾ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದ ಹದಿನಾರನೆಯ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ (1809–1865) ಅವರು 1832ರಿಂದ 1864ರವರೆಗೆ ಇಲಿನಾಯ್ ರಾಜ್ಯದ ಶಾಸನಸಭೆ, ಕಾಂಗ್ರೆಸ್ಸಿನ ಪ್ರತಿನಿಧಿ ಸಭೆ, ಸೆನೆಟ್ ಹಾಗೂ ಅಧ್ಯಕ್ಷ ಪದವಿಗಳಿಗೆ ಸ್ಪರ್ಧಿಸಿದ್ದರು. ಸೋಲಿನ ಮೇಲೆ ಸೋಲುಂಡು ಕೊನೆಗೆ ಅಧ್ಯಕ್ಷರಾದವರೆಂದು ಅವರನ್ನು ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ಶಾಸನಸಭೆ ಅಥವಾ ಕಾಂಗ್ರೆಸ್ಸಿನ ಸ್ಥಾನಕ್ಕಾಗಿ ಜನರ ನೇರ ಮತದಿಂದ ಅವರು ಸೋತದ್ದು 1832ರಲ್ಲಿ ಒಮ್ಮೆ ಮಾತ್ರ. ಮುಂದಿನ ಪ್ರಮುಖ ಸೋಲುಗಳು ಪಕ್ಷದ ಸಮಾವೇಶಗಳಲ್ಲಿ ಅಥವಾ ಶಾಸನಸಭೆಯ ಒಳಗೆ ಸಂಭವಿಸಿದವು.

ಇಲಿನಾಯ್ ಶಾಸನಸಭೆ (1832–1840)

1832ರ ಆಗಸ್ಟ್‌ನಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಲಿಂಕನ್ ಅವರು ಸ್ಯಾಂಗಮನ್ ಕೌಂಟಿಯಿಂದ ರಾಜ್ಯದ ಕೆಳಮನೆಗೆ ಸ್ಪರ್ಧಿಸಿದರು. ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಸ್ವಯಂಸೇವಕ ಸೈನಿಕರಾಗಿದ್ದ ಕಾರಣ ಅವರಿಗೆ ಪ್ರಚಾರಕ್ಕೆ ಹೆಚ್ಚು ಕಾಲಾವಕಾಶ ದೊರೆಯಲಿಲ್ಲ. ನಾಲ್ಕು ಸ್ಥಾನಗಳಿಗೆ ಕಣದಲ್ಲಿದ್ದ 13 ಅಭ್ಯರ್ಥಿಗಳ ಪೈಕಿ ಅವರು ಎಂಟನೆಯವರಾದರು. ಆದರೂ ಅವರು ವಾಸವಾಗಿದ್ದ ನ್ಯೂ ಸೇಲಂ ಮತಗಟ್ಟೆಯ ಸುಮಾರು 300 ಮತದಾರರಲ್ಲಿ 277 ಮಂದಿ ಅವರಿಗೇ ಮತ ನೀಡಿದ್ದರು.

1834ರಲ್ಲಿ ಅವರು ಎರಡನೆಯ ಸ್ಥಾನ ಪಡೆದು ಆಯ್ಕೆಯಾದರು. 1836, 1838 ಮತ್ತು 1840ರಲ್ಲಿಯೂ ಗೆದ್ದು ಸತತವಾಗಿ ನಾಲ್ಕು ಅವಧಿಗೆ ಸದಸ್ಯರಾಗಿದ್ದರು. ಈ ಅವಧಿಯಲ್ಲಿ ವಿಗ್ ಪಕ್ಷದ ಪ್ರಮುಖರಾಗಿ ಬೆಳೆದ ಅವರು, ರಾಜ್ಯದ ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ವರ್ಗಾಯಿಸುವಲ್ಲಿ ಮುಖ್ಯ ಪಾತ್ರ ವಹಿಸಿದರು. ಆದರೆ ವಿಗ್ ಸದಸ್ಯರ ಪರವಾಗಿ ಸಭಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಸೋತರು.

ಪ್ರತಿನಿಧಿ ಸಭೆ (1843–1849)

1843ರಲ್ಲಿ ಕಾಂಗ್ರೆಸ್ಸಿಗೆ ಸ್ಪರ್ಧಿಸಲು ಅವರು ಬಯಸಿದರೂ ಪಕ್ಷದ ಉಮೇದುವಾರಿಕೆ ಜಾನ್ ಹಾರ್ಡಿನ್ ಅವರಿಗೆ ಒಲಿಯಿತು. 1846ರಲ್ಲಿ ಉಮೇದುವಾರಿಕೆ ದೊರೆತಾಗ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿದ್ದ ಧರ್ಮಪ್ರಚಾರಕ ಪೀಟರ್ ಕಾರ್ಟ್‌ರೈಟ್ ಅವರನ್ನು 6,340–4,829 ಮತಗಳಿಂದ ಸೋಲಿಸಿದರು. ಸ್ಥಾನವನ್ನು ಪಕ್ಷದ ಮುಖಂಡರು ಸರದಿಯಂತೆ ಹಂಚಿಕೊಳ್ಳುವ ರೂಢಿಯಿದ್ದುದರಿಂದ 1848ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. ಕೆಲವು ಜನಪ್ರಿಯ ಪಟ್ಟಿಗಳಲ್ಲಿ ಇದನ್ನೂ ಒಂದು ಸೋಲೆಂದು ಎಣಿಸಿರುವುದು ಸರಿಯಲ್ಲ.

ಸೆನೆಟ್ ಚುನಾವಣೆಗಳು (1855 ಮತ್ತು 1858–59)

ಆ ಕಾಲದಲ್ಲಿ ಸೆನೆಟರುಗಳನ್ನು ಜನರಲ್ಲ, ಆಯಾ ರಾಜ್ಯದ ಶಾಸನಸಭೆಯೇ ಆರಿಸುತ್ತಿತ್ತು. 1913ರ ಹದಿನೇಳನೆಯ ಸಂವಿಧಾನ ತಿದ್ದುಪಡಿಯ ಬಳಿಕ ಈ ಪದ್ಧತಿ ಕೊನೆಗೊಂಡಿತು.

ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹರಡಲು ದಾರಿ ಮಾಡಿಕೊಟ್ಟ 1854ರ ಕಾನ್ಸಾಸ್–ನೆಬ್ರಾಸ್ಕಾ ಕಾಯಿದೆಯು ಲಿಂಕನ್ ಅವರನ್ನು ಮತ್ತೆ ಸಕ್ರಿಯ ರಾಜಕೀಯಕ್ಕೆ ಎಳೆದು ತಂದಿತು. ಅದೇ ವರ್ಷ ಶಾಸನಸಭೆಗೆ ಗೆದ್ದರೂ, ಸೆನೆಟ್‌ಗೆ ಸ್ಪರ್ಧಿಸುವ ಸಲುವಾಗಿ ಅವರು ಆ ಸ್ಥಾನವನ್ನು ನಿರಾಕರಿಸಿದರು. 1855ರ ಫೆಬ್ರವರಿ 8ರಂದು ನಡೆದ ಮತದಾನದ ಮೊದಲ ಸುತ್ತಿನಲ್ಲಿ ಅವರಿಗೇ ಅತಿ ಹೆಚ್ಚು ಮತ ಬಂದಿತ್ತು; ಕಾಯಿದೆಯ ವಿರೋಧಿಯಾಗಿದ್ದ ಡೆಮಾಕ್ರಟ್ ಲೈಮನ್ ಟ್ರಂಬುಲ್ ಅವರಿಗೆ ಬಂದದ್ದು ಐದು ಮತ ಮಾತ್ರ. ಆದರೆ ಯಾರಿಗೂ ಬಹುಮತ ದೊರೆಯದೆ ಸುತ್ತುಗಳು ಮುಂದುವರಿದಾಗ, ಗವರ್ನರ್ ಜೋಯೆಲ್ ಮ್ಯಾಟಸನ್ ಗೆಲ್ಲುವ ಸಂಭವ ಕಂಡುಬಂದಿತು. ಅದನ್ನು ತಡೆಯಲು ಲಿಂಕನ್ ತಮ್ಮ ಬೆಂಬಲಿಗರನ್ನು ಟ್ರಂಬುಲ್ ಅವರತ್ತ ತಿರುಗಿಸಿದರು. ಹತ್ತನೆಯ ಸುತ್ತಿನಲ್ಲಿ 51 ಮತಗಳೊಂದಿಗೆ ಟ್ರಂಬುಲ್ ಆಯ್ಕೆಯಾದರು.

1856ರಲ್ಲಿ ರಿಪಬ್ಲಿಕನ್ ಪಕ್ಷದ ಪ್ರಥಮ ರಾಷ್ಟ್ರೀಯ ಸಮಾವೇಶದಲ್ಲಿ ಉಪಾಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಅವರ ಹೆಸರು ಸೂಚಿತವಾಗಿ 110 ಮತ ಗಳಿಸಿತು. ಆಯ್ಕೆಯಾದವರು ವಿಲಿಯಂ ಡೇಟನ್.

1858ರಲ್ಲಿ ಅವರ ಎದುರಾಳಿ, ಕಾನ್ಸಾಸ್–ನೆಬ್ರಾಸ್ಕಾ ಕಾಯಿದೆಯ ರೂವಾರಿಯಾಗಿದ್ದ ಸೆನೆಟರ್ ಸ್ಟೀಫನ್ ಡಗ್ಲಸ್. ಆಗಸ್ಟ್ 21ರಿಂದ ಅಕ್ಟೋಬರ್ 15ರವರೆಗೆ ಏಳು ಊರುಗಳಲ್ಲಿ ಇಬ್ಬರೂ ಗುಲಾಮಗಿರಿಯ ಕುರಿತು ಬಹಿರಂಗ ಚರ್ಚೆ ನಡೆಸಿದರು. ಶಾಸನಸಭಾ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳು ಒಟ್ಟಾರೆ ಹೆಚ್ಚು ಮತ ಪಡೆದರು. ಆದರೆ ಕ್ಷೇತ್ರಗಳು ಹಳೆಯ ಜನಸಂಖ್ಯೆಯ ಆಧಾರದಲ್ಲಿ ವಿಂಗಡಣೆಗೊಂಡಿದ್ದವು. ಅವಧಿ ಮುಗಿಯದ ಮೇಲ್ಮನೆ ಸದಸ್ಯರಲ್ಲಿಯೂ ಡೆಮಾಕ್ರಟರೇ ಅಧಿಕರಾಗಿದ್ದರು. 1859ರ ಜನವರಿ 5ರಂದು ಶಾಸನಸಭೆಯು 54–46 ಮತಗಳಿಂದ ಡಗ್ಲಸ್ ಅವರನ್ನು ಆರಿಸಿತು. 1860ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ಚರ್ಚೆಗಳು ಸೋತ ಅಭ್ಯರ್ಥಿಗೆ ರಾಷ್ಟ್ರಮಟ್ಟದ ಪ್ರಸಿದ್ಧಿ ತಂದುಕೊಟ್ಟವು.

ಅಧ್ಯಕ್ಷೀಯ ಚುನಾವಣೆಗಳು (1860 ಮತ್ತು 1864)

1860ರ ಮೇ ತಿಂಗಳಲ್ಲಿ ಶಿಕಾಗೋ ಸಮಾವೇಶದ ಮೊದಲ ಸುತ್ತಿನಲ್ಲಿ ವಿಲಿಯಂ ಸೀವರ್ಡ್ ಮುಂದಿದ್ದರೂ, ಮೂರನೆಯ ಸುತ್ತಿನಲ್ಲಿ ಲಿಂಕನ್ ಅಭ್ಯರ್ಥಿಯಾದರು. ನವೆಂಬರ್ 6ರ ಚುನಾವಣೆಯಲ್ಲಿ 303 ಎಲೆಕ್ಟೋರಲ್ ಮತಗಳ ಪೈಕಿ ಲಿಂಕನ್ 180, ಬ್ರೆಕಿನ್‌ರಿಜ್ 72, ಬೆಲ್ 39 ಹಾಗೂ ಡಗ್ಲಸ್ 12 ಪಡೆದರು. ಜನಮತದಲ್ಲಿ ಲಿಂಕನ್ ಅವರ ಪಾಲು ಶೇಕಡ 40ಕ್ಕಿಂತ ತುಸು ಕಡಿಮೆ. ಆಗ ಮತಪತ್ರಗಳನ್ನು ಪಕ್ಷಗಳೇ ಮುದ್ರಿಸಿ ಹಂಚುತ್ತಿದ್ದವು. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ರಿಪಬ್ಲಿಕನ್ ಮತಪತ್ರವೇ ಇರಲಿಲ್ಲ.

ವಿರೋಧ ಪಕ್ಷದ ಒಡಕೇ ಈ ಗೆಲುವಿಗೆ ಕಾರಣವೆಂಬ ಅಭಿಪ್ರಾಯವಿದೆ. ಆದರೆ ಉಳಿದ ಮೂವರ ಮತಗಳನ್ನು ಪ್ರತಿ ರಾಜ್ಯದಲ್ಲಿ ಒಟ್ಟುಗೂಡಿಸಿದರೂ ಲಿಂಕನ್ ಕಳೆದುಕೊಳ್ಳುತ್ತಿದ್ದುದು ಕ್ಯಾಲಿಫೋರ್ನಿಯಾ, ಆರೆಗಾನ್ ಮತ್ತು ನ್ಯೂ ಜರ್ಸಿಯ 11 ಎಲೆಕ್ಟೋರಲ್ ಮತಗಳನ್ನು ಮಾತ್ರ. ಉಳಿಯುವ 169 ಮತಗಳು ಬಹುಮತಕ್ಕೆ ಬೇಕಾದ 152ಕ್ಕಿಂತ ಹೆಚ್ಚು. ಫಲಿತಾಂಶವನ್ನು ಒಪ್ಪದ ದಕ್ಷಿಣ ಕ್ಯಾರೊಲಿನಾ ಡಿಸೆಂಬರ್ 20ರಂದು ಒಕ್ಕೂಟದಿಂದ ಹೊರಬಂದಿತು. ಲಿಂಕನ್ ಅಧಿಕಾರ ಸ್ವೀಕರಿಸುವ ಮುನ್ನ ಇನ್ನೂ ಆರು ರಾಜ್ಯಗಳು ಅದನ್ನು ಅನುಸರಿಸಿದವು.

ಅಂತರ್ಯುದ್ಧದ ನಡುವೆಯೇ 1864ರ ಚುನಾವಣೆ ನಡೆಯಿತು. ಯುದ್ಧದ ಸಾವುನೋವುಗಳಿಂದ ಜನ ಬೇಸತ್ತಿದ್ದರು. ತಾವು ಸೋಲುವುದೇ ಸಂಭವನೀಯವೆಂದು ಆಗಸ್ಟ್ 23ರಂದು ಲಿಂಕನ್ ಒಂದು ಪತ್ರದಲ್ಲಿ ಬರೆದಿಟ್ಟು, ಅದನ್ನು ಓದಗೊಡದೆ ಮಂತ್ರಿಗಳಿಂದ ಸಹಿ ಹಾಕಿಸಿದ್ದರು. ಸೆಪ್ಟೆಂಬರ್ ಆರಂಭದಲ್ಲಿ ಅಟ್ಲಾಂಟಾ ನಗರ ವಶವಾದ ಮೇಲೆ ಪರಿಸ್ಥಿತಿ ಬದಲಾಯಿತು. ನವೆಂಬರ್ 8ರಂದು ಅವರು ಜನಮತದ ಸುಮಾರು ಶೇಕಡ 55ನ್ನು ಪಡೆದು, ತಮ್ಮದೇ ಸೇನೆಯ ಮಾಜಿ ದಂಡನಾಯಕ ಜಾರ್ಜ್ ಮೆಕ್‌ಕ್ಲೆಲನ್ ಅವರನ್ನು 212–21 ಎಲೆಕ್ಟೋರಲ್ ಮತಗಳಿಂದ ಸೋಲಿಸಿದರು. ಯುದ್ಧಭೂಮಿಯಲ್ಲಿದ್ದ ಸೈನಿಕರಿಗೂ ಹಲವು ರಾಜ್ಯಗಳು ಮತದಾನದ ಅವಕಾಶ ಕಲ್ಪಿಸಿದ್ದವು. ಅವರಲ್ಲಿ ಬಹುಪಾಲು ಮಂದಿ ಲಿಂಕನ್ ಅವರನ್ನೇ ಬೆಂಬಲಿಸಿದರು. ಎರಡನೆಯ ಅವಧಿ ಆರಂಭವಾಗಿ ಆರು ವಾರಗಳಾಗುವಷ್ಟರಲ್ಲಿ, 1865ರ ಏಪ್ರಿಲ್ 14ರಂದು ಗುಂಡೇಟಿಗೆ ಗುರಿಯಾದ ಲಿಂಕನ್ ಮರುದಿನ ನಿಧನರಾದರು.