ಐದು ಸೆಂಟಿನ ಆಸ್ಪತ್ರೆ

ಮೊಳೆ ತುಳಿದವನ ಕಾಲಿಗೆ ಪಟ್ಟಿ ಕಟ್ಟಿದರೆ ಡಾಕ್ಟರಿಗೆ ದುಡ್ಡು ಸಿಗುತ್ತೆ. ಆ ಮೊಳೆಯನ್ನೇ ಮೊದಲು ಕಿತ್ತು ಹಾಕಿದರೆ? ಅದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ.

1933ರಲ್ಲಿ ಕೊಟ್ಟರು ವೀಕ್ಷಕರೇ! ಕೊಲೊರಾಡೊ ನದಿಯ ನೀರನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಊರುಗಳಿಗೆ ತರುವ ಕಾಲುವೆ ಕೆಲಸ ಮರುಭೂಮಿಯಲ್ಲಿ ನಡೀತಿತ್ತು. ಸಾವಿರಾರು ಕಾರ್ಮಿಕರು. ಸಿಡ್ನಿ ಗಾರ್‌ಫೀಲ್ಡ್ ಅನ್ನೋ ಯುವ ಸರ್ಜನ್ ಅಲ್ಲೇ 12 ಹಾಸಿಗೆಯ ಆಸ್ಪತ್ರೆ ತೆರೆದರು. ರೋಗಿಗಳು ಬಂದರು, ದುಡ್ಡು ಬರಲಿಲ್ಲ. ವಿಮಾ ಕಂಪನಿಗಳು ಬಿಲ್ಲಿಗೆ ಸತಾಯಿಸಿದವು. ಬಾಗಿಲು ಹಾಕುವ ಸ್ಥಿತಿ ಬಂತು.

ಆಗ ದಾರಿ ತೋರಿಸಿದವರು ಹೆರಾಲ್ಡ್ ಹ್ಯಾಚ್. ಇಂಜಿನಿಯರ್ ಆಗಿದ್ದು ವಿಮೆ ಕೆಲಸಕ್ಕೆ ಹೋದವರು. (ಇಂಜಿನಿಯರಿಂಗ್ ಓದಿ ಬೇರೆ ಕೆಲಸ ಮಾಡೋದು ನಮ್ಮ ಕಾಲದ ಕಥೆಯಷ್ಟೇ ಅಲ್ಲ, ನಾನೊಬ್ಬನೇ ಅಲ್ಲ!) ಗಾಯವಾದ ಮೇಲೆ ಬಿಲ್ ಬೇಡ, ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ದಿನಕ್ಕೆ ಐದು ಸೆಂಟ್ ಮುಂಗಡ ಕೊಡ್ತೀವಿ ಅಂದರು. ಕೆಲಸಕ್ಕೆ ಸಂಬಂಧಿಸದ ಕಾಯಿಲೆಗೆ ಕಾರ್ಮಿಕನೇ ಇನ್ನೈದು ಸೆಂಟ್ ಕೊಡಬಹುದಿತ್ತು.

ಲೆಕ್ಕ ತಲೆಕೆಳಗಾಯ್ತು ನೋಡಿ. ದುಡ್ಡು ಮೊದಲೇ ಬಂದಿದೆ. ಈಗ ಪ್ರತಿ ಗಾಯವೂ ಆಸ್ಪತ್ರೆಗೆ ಖರ್ಚು. ಡಾಕ್ಟರೇ ಕೆಲಸದ ಜಾಗಕ್ಕೆ ಹೋಗಿ ಹಲಗೆಯಲ್ಲಿ ಎದ್ದಿರೋ ಮೊಳೆ ಹುಡುಕತೊಡಗಿದರು. ಕಾರ್ಮಿಕನಿಗೂ ಲಾಭ, ಆಸ್ಪತ್ರೆಗೂ ಲಾಭ. ಇದೇ ಮುಂದೆ ಉದ್ಯಮಿ ಹೆನ್ರಿ ಕೈಸರ್ ಜೊತೆ ಸೇರಿ ಬೆಳೆದು, 1945ರಲ್ಲಿ ಸಾರ್ವಜನಿಕರಿಗೂ ತೆರೆಯಿತು. 1973ರಲ್ಲಿ ಅಧ್ಯಕ್ಷ ನಿಕ್ಸನ್ ಇಂಥ ಯೋಜನೆಗಳಿಗೆ ಕಾನೂನಿನ ಬೆಂಬಲವನ್ನೇ ಕೊಟ್ಟರು.

ಆದರೆ ಮುಂಗಡ ದುಡ್ಡಿಗೆ ಇನ್ನೊಂದು ಮುಖ ಇದೆ. ಮೊಳೆ ಕಿತ್ತರೂ ಉಳಿತಾಯ, ಪಟ್ಟಿ ಕಟ್ಟದಿದ್ದರೂ ಉಳಿತಾಯ! ಲಾಭಕ್ಕೆ ನಿಂತ ಕಂಪನಿಗಳು ಈ ವ್ಯವಹಾರಕ್ಕೆ ಇಳಿದ ಮೇಲೆ ಎರಡನೆಯದು ಸುಲಭವಾಗಿ ಕಂಡಿತು. ಯಾವ ತಜ್ಞರನ್ನು ನೋಡಬೇಕು, ಎಷ್ಟು ದಿನ ಮಲಗಿರಬೇಕು, ಎಲ್ಲಕ್ಕೂ ಕಂಪನಿಯ ಒಪ್ಪಿಗೆ. 1990ರ ದಶಕದಲ್ಲಿ ಹೆರಿಗೆಯಾದ ಮಾರನೇ ದಿನವೇ ಬಾಣಂತಿಯನ್ನು ಮನೆಗೆ ಕಳಿಸೋದು ಶುರುವಾಯ್ತು. ಕಂಪನಿಯ ಪುಸ್ತಕದಲ್ಲಿ ಅದು ಉಳಿತಾಯ. ಆದರೆ ಖರ್ಚು ಹೋಗಲಿಲ್ಲ ಸ್ವಾಮಿ, ಮನೆಗೆ ವರ್ಗ ಆಯ್ತು. ಮಗುವಿಗೆ ಕಾಮಾಲೆ ಬಂದರೆ ನೋಡೋರು ಯಾರು, ಕೆಲಸಕ್ಕೆ ರಜೆ ಹಾಕೋರು ಯಾರು? ಆ ಅಂಕಿ ಯಾವ ಕಂಪನಿಯ ಲೆಕ್ಕದಲ್ಲೂ ಬರೋದಿಲ್ಲ.

ಕೊನೆಗೆ 1996ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಬೇಕಾಯ್ತು: ಹೆರಿಗೆಯ ಆಸ್ಪತ್ರೆ ಖರ್ಚು ಕೊಡೋ ವಿಮೆ ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆಗಿಂತ ಕಡಿಮೆ ಮಿತಿ ಹಾಕೋ ಹಾಗಿಲ್ಲ ಅಂತ.