ಹೈದರಾಲಿ ನಂಬಿದ ಪಾದ್ರಿ

ಮದ್ರಾಸಿನ ಕೋಟೆಯೊಳಗಿನ ಇಗರ್ಜಿಯಲ್ಲಿ ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯ ಹೆಸರು ಕೆತ್ತಿದ ಅಮೃತಶಿಲೆಯ ಫಲಕ ಇದೆ ಅಂದರೆ ನಂಬುತ್ತೀರಾ? ಅದೂ ವೈರಿ ಅಂತ ಬೈದು ಬರೆದದ್ದಲ್ಲ. ಒಬ್ಬ ಪಾದ್ರಿ ಒಳ್ಳೆಯ ಮನುಷ್ಯ ಅನ್ನೋದಕ್ಕೆ ಸಾಕ್ಷಿಯಾಗಿ! ಬರೆಸಿದವರು ಯಾರು ಗೊತ್ತೇ? ಹೈದರನ ಮೇಲೆ ಎರಡು ಯುದ್ಧ ಮಾಡಿದ ಈಸ್ಟ್ ಇಂಡಿಯಾ ಕಂಪನಿಯವರು.

ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರೀಸ್ ಚರ್ಚು 1680ರದ್ದು. ರಾಬರ್ಟ್ ಕ್ಲೈವ್ ಮದುವೆಯಾದದ್ದು ಇಲ್ಲೇ, 1753ರಲ್ಲಿ. ನಾನು ಮಂಡ್ಯ ಜಿಲ್ಲೆಯವನು, ಮದ್ರಾಸಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. (ಊರಿನ ಹೆಸರು ಚೆನ್ನೈ ಆದ ಮೇಲೇ ಬಂದವನು, ಆದರೂ ಬಾಯಿಗೆ ಬರುವುದು ಮದ್ರಾಸೇ.) ಪ್ಯಾರಿಸ್ ಕಾರ್ನರ್ ಶಾಖೆಯಲ್ಲಿದ್ದಾಗ ಎಷ್ಟೋ ಸಲ ಆ ಕೋಟೆ ಬಾಗಿಲ ಮುಂದೆ ಓಡಾಡಿದ್ದೇನೆ. ನಮ್ಮ ಕಡೆಯಿಂದ ಬಂದ ನೆಂಟರಿಗೆ ಮರೀನಾ, ಮೈಲಾಪುರ, ಟಿ.ನಗರದ ಸೀರೆ ಅಂಗಡಿ ತೋರಿಸುತ್ತೇವೆಯೇ ಹೊರತು ಈ ಫಲಕವನ್ನು ಯಾರೂ ತೋರಿಸುವುದಿಲ್ಲ. ಅದಕ್ಕೇ ಈ ಬರಹ.

ಪಾದ್ರಿಯ ಹೆಸರು ಕ್ರಿಸ್ಟಿಯನ್ ಫ್ರೆಡರಿಕ್ ಶ್ವಾರ್ಟ್ಸ್. ಹುಟ್ಟಿದ್ದು 1726ರಲ್ಲಿ, ಪ್ರಷ್ಯದ ಸೊನೆನ್‌ಬರ್ಗ್‌ನಲ್ಲಿ. ಹಾಲೆಯಲ್ಲಿ ಓದಿ, 1750ರಲ್ಲಿ ಡೇನರ ವಶದಲ್ಲಿದ್ದ ತರಂಗಂಬಾಡಿಗೆ ಹಡಗಿನಲ್ಲಿ ಬಂದಿಳಿದರು. ಆಮೇಲೆ ತಿರುಚಿನಾಪಳ್ಳಿ, 1778ರಿಂದ ತಂಜಾವೂರು. ತಮ್ಮ ದೇಶಕ್ಕೆ ಮತ್ತೆ ಹೋಗಲೇ ಇಲ್ಲ. ಮದುವೆ ಇಲ್ಲ, ಮನೆ ಇಲ್ಲ. ತಮಿಳು ಕಲಿತರು, ಪೋರ್ಚುಗೀಸ್ ಕಲಿತರು, ದರ್ಬಾರಿನವರ ಜೊತೆ ಮಾತಾಡಲು ಹಿಂದೂಸ್ತಾನಿ, ಫಾರ್ಸಿ, ತಂಜಾವೂರಿನ ಅರಸರು ಮರಾಠರಾದ್ದರಿಂದ ಮರಾಠಿ. ಪರಸ್ಥಳಕ್ಕೆ ಬಂದು ನೆಲೆಸಿದ ನಮ್ಮಂಥವರು ತರಕಾರಿ ಕೊಳ್ಳುವಷ್ಟು ತಮಿಳು ಕಲಿತು ಬೀಗುತ್ತೇವೆ, ಇರಲಿ.

ಕ್ರೈಸ್ತರಲ್ಲಿ ಮಧ್ಯಸ್ಥ ಪ್ರಾರ್ಥನೆ ಅಂತ ಒಂದಿದೆ. ತನಗಾಗಿ ಬೇಡಿಕೊಳ್ಳುವುದಲ್ಲ, ಇನ್ನೊಬ್ಬರಿಗಾಗಿ ದೇವರ ಮುಂದೆ ನಿಂತು ಕೇಳುವುದು. ಬೈಬಲ್ಲಿನ ಮೊದಲ ಪುಸ್ತಕದಲ್ಲೇ ಅಬ್ರಹಾಮ ಸೊದೋಮ್ ಊರನ್ನು ಉಳಿಸು ಅಂತ ದೇವರ ಹತ್ತಿರ ಚೌಕಾಸಿ ಮಾಡುತ್ತಾನೆ. ಐವತ್ತು ಜನ ನೀತಿವಂತರಿದ್ದರೆ ಬಿಡ್ತೀಯಾ ಅಂತ ಶುರುಮಾಡಿ ಹತ್ತಕ್ಕೆ ಇಳಿಸುತ್ತಾನೆ. ಬ್ಯಾಂಕಿನವನಾದ ನನಗೆ ಇದು ಜಾಮೀನಿನ ಹಾಗೆ ಕಾಣುತ್ತದೆ. ಸಾಲ ಇವನದ್ದಲ್ಲ, ಆದರೆ ಮಾತು ಇವನದ್ದು. ಶ್ವಾರ್ಟ್ಸ್ ಪಾದ್ರಿ ಈ ಪ್ರಾರ್ಥನೆಯನ್ನು ಮಂಡಿಯೂರಿ ಮಾಡಿದ್ದಷ್ಟೇ ಅಲ್ಲ, ಅರಸರ ಮುಂದೆ, ಗವರ್ನರುಗಳ ಮುಂದೆ, ಧಾನ್ಯದ ಚೀಲಗಳ ಮುಂದೆಯೂ ಮಾಡಿದರು.

1779ಕ್ಕೆ ಬರೋಣ. ಆ ವರ್ಷ ಮಾರ್ಚಿನಲ್ಲಿ ಇಂಗ್ಲಿಷರು ಫ್ರೆಂಚರಿಂದ ಮಾಹೆಯನ್ನು ಕಿತ್ತುಕೊಂಡಿದ್ದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದ ಬಂದರು ಅದು. ಸಿಟ್ಟು ಬಂದೇ ಬಂತು. ಅತ್ತ ಮದ್ರಾಸಿನ ಗವರ್ನರ್ ಸರ್ ಥಾಮಸ್ ರಂಬೋಲ್ಡನಿಗೆ ಹೈದರನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಬೇಕಿತ್ತು. ಯಾರನ್ನು ಕಳಿಸುವುದು? ಶ್ವಾರ್ಟ್ಸ್ ಪಾದ್ರಿಯನ್ನು ಕರೆಸಿ, ಗುಟ್ಟಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಕಂಪನಿಗೆ ಶಾಂತಿಯೇ ಬೇಕು ಅಂತ ಹೇಳಿ ಬನ್ನಿ ಅಂದರು. ಪಾದ್ರಿ ಯೋಚನೆ ಮಾಡಿದರು. ಇದು ರಾಜಕಾರಣ, ತನ್ನ ಕೆಲಸ ಅಲ್ಲ. ಆದರೆ ರಕ್ತಪಾತ ತಪ್ಪುವುದಾದರೆ ಹಿಂದೆ ಸರಿಯುವುದು ಹೇಗೆ? ಹಿಂದೂಸ್ತಾನಿ ಬರುತ್ತಿದ್ದುದರಿಂದ ದುಭಾಷಿಯೂ ಬೇಕಿರಲಿಲ್ಲ. ಒಪ್ಪಿಕೊಂಡರು. ಆದರೆ ಇದರಿಂದ ಕೈಗೆ ಒಂದು ಕಾಸೂ ಅಂಟಬಾರದು ಅಂತ ಮೊದಲೇ ನಿಶ್ಚಯ ಮಾಡಿಕೊಂಡರು.

ತಿರುಚ್ಚಿಯಿಂದ ಕರೂರು. ಆಗ ಅಲ್ಲಿಂದಾಚೆ ಹೈದರನ ಸೀಮೆ. ಅಲ್ಲಿ ಕಾದು, ಗಜ್ಜಲಹಟ್ಟಿ ಘಾಟು ಹತ್ತಿ, ಮೈಸೂರು ದಾಟಿ ಆಗಸ್ಟ್ ಕೊನೆಗೆ ಶ್ರೀರಂಗಪಟ್ಟಣ. ದಾರಿಯುದ್ದಕ್ಕೂ ಕಂಡದ್ದನ್ನು ಬರೆದಿಟ್ಟಿದ್ದಾರೆ. ನನಗೆ ಬಹಳ ಹಿಡಿಸಿದ್ದು ರಸ್ತೆ ಸೇತುವೆಗಳ ವಿಚಾರ. ಮಳೆ ಬಂದು ಮಣ್ಣು ಕೊಚ್ಚಿಹೋದರೆ ಆ ಜಾಗದ ಅಧಿಕಾರಿ ಕೂಡಲೇ ತುಂಬಿಸಬೇಕು ಅನ್ನುವುದು ಹೈದರನ ಕಟ್ಟುನಿಟ್ಟು. ಕೆಟ್ಟದ್ದನ್ನು ತಕ್ಷಣ ಸರಿಮಾಡಿದರೆ ಖರ್ಚೂ ಕಡಿಮೆ, ಕೆಲಸವೂ ನಿಲ್ಲುತ್ತದೆ, ಕರ್ನಾಟಿಕ್‌ನಲ್ಲಿರುವ ಯುರೋಪಿಯನ್ನರು ಮಾತ್ರ ಎಲ್ಲವನ್ನೂ ಹಾಳಾಗಲು ಬಿಡುತ್ತಾರೆ ಅಂತ ಪಾದ್ರಿ ತಮ್ಮವರನ್ನೇ ಜರೆಯುತ್ತಾರೆ. ಬೆಂಗಳೂರಿನ ಗುಂಡಿಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ!

ಅರಮನೆಯಲ್ಲಿ ಹೈದರ್ ಅವರನ್ನು ನೆಲಹಾಸಿನ ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಓದು ಬರಹ ಬಾರದ ಮನುಷ್ಯ, ಆದರೆ ಜ್ಞಾಪಕಶಕ್ತಿ ಅಸಾಧ್ಯ. ಮುನ್ಷಿಗಳು ಒಂದಾದ ಮೇಲೊಂದು ಕಾಗದ ಓದುವುದು, ಇವನು ಉತ್ತರ ಹೇಳುವುದು, ಬರೆದದ್ದನ್ನು ಮತ್ತೆ ಓದಿಸಿ ಕೇಳುವುದು, ಮೊಹರು ಒತ್ತುವುದು. ತಪ್ಪು ಮಾಡಿದವರಿಗೆ ಚಾಟಿ ಏಟು, ಅಳಿಯನಾದರೂ ಸರಿ, ಅಮಲ್ದಾರನಾದರೂ ಸರಿ. ಪಾದ್ರಿ ಇದನ್ನೂ ಮುಚ್ಚಿಡದೆ ಬರೆದಿದ್ದಾರೆ. ಕೋಟೆಯ ಹೊರಗೆ ಡೇರೆ ಹಾಕಿಕೊಂಡು, ಹೈದರನ ಸೈನ್ಯದಲ್ಲಿದ್ದ ಯುರೋಪಿಯನ್ನರನ್ನು ಸೇರಿಸಿ ಪ್ರಾರ್ಥನೆ ನಡೆಸಿದರು. ಯಾರೂ ತಡೆಯಲಿಲ್ಲ.

ಹೊರಡುವಾಗ ಹೈದರ್ ಒಂದು ಪತ್ರ ಕೊಟ್ಟ. ಇಂಗ್ಲಿಷರು ಎಲ್ಲೆಲ್ಲಿ ಮಾತು ಮುರಿದರು ಅನ್ನುವ ಪಟ್ಟಿ ಅದು. ಸಮಾಧಾನವಾಗಿ ಇರಲು ತಾನು ಈಗಲೂ ತಯಾರು, ಚೆಂಡು ಅವರ ಕಡೆ ಇದೆ ಅನ್ನುವ ಧಾಟಿ. ಜೊತೆಗೆ ದಾರಿಖರ್ಚಿಗೆ ಮುನ್ನೂರು ರೂಪಾಯಿಯ ಚೀಲ. ಬೇಡವೆಂದರೂ ಬಿಡಲಿಲ್ಲ. ಮದ್ರಾಸಿಗೆ ಬಂದ ಪಾದ್ರಿ ಆ ಚೀಲವನ್ನು ಸರ್ಕಾರಕ್ಕೆ ಒಪ್ಪಿಸಲು ಹೋದರು. ನೀವೇ ಇಟ್ಟುಕೊಳ್ಳಿ ಅಂದರು. ಅದನ್ನು ತಂಜಾವೂರಿನಲ್ಲಿ ಬಡಮಕ್ಕಳ ಇಂಗ್ಲಿಷ್ ಶಾಲೆಗೆ ಮೂಲಧನ ಮಾಡಿದರು. ಲೆಕ್ಕ ಚೊಕ್ಕ. ಶ್ರೀರಂಗಪಟ್ಟಣದ ದುಡ್ಡಿನಲ್ಲಿ ತಂಜಾವೂರಿನ ಮಕ್ಕಳು ಎ ಬಿ ಸಿ ಕಲಿತರು ಅನ್ನುವುದು ನಮ್ಮ ಜಿಲ್ಲೆಯ ಪಠ್ಯಪುಸ್ತಕದಲ್ಲಿ ಇರಬೇಕಾದ ವಿಷಯ, ನನ್ನ ಅಭಿಪ್ರಾಯದಲ್ಲಿ.

ಈಗ ಕಹಿ ಭಾಗ. ಪಾದ್ರಿ ಶಾಂತಿಯ ಮಾತು ಹೇಳುತ್ತಿದ್ದ ಹೊತ್ತಿನಲ್ಲೇ ಕಂಪನಿಯ ದಂಡು ಗುಂಟೂರಿನ ವ್ಯವಹಾರಕ್ಕಾಗಿ ಹೈದರನ ಕಡಪ ಸೀಮೆಯನ್ನು ಅವನನ್ನು ಕೇಳದೆ ದಾಟಲು ಹೊರಟಿತ್ತು. ಅಂದರೆ ಜಾಮೀನುದಾರ ಸಹಿ ಹಾಕುತ್ತಿರುವಾಗಲೇ ಸಾಲಗಾರ ಹಿಂಬಾಗಿಲಿನಿಂದ ಸಾಮಾನು ಸಾಗಿಸಿದ ಹಾಗೆ. ಮುಂದಿನ ವರ್ಷ ಕಂಪನಿ ಗ್ರೇ ಎಂಬ ಅಧಿಕಾರಿಯನ್ನು ಕಾಣಿಕೆಗಳೊಂದಿಗೆ ಕಳಿಸಿತು. ಹೈದರ್ ಕಾಣಿಕೆಗಳನ್ನು ಮುಟ್ಟಲಿಲ್ಲ. 1780ರ ಜುಲೈನಲ್ಲಿ ಅವನ ಸೈನ್ಯ ಘಾಟು ಇಳಿಯಿತು, ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಮಣ್ಣುಮುಕ್ಕಿತು. ದರಿಯಾ ದೌಲತ್ ಗೋಡೆಯ ಮೇಲಿನ ಚಿತ್ರ, ಶ್ರೀರಂಗಪಟ್ಟಣದಲ್ಲಿ ಗೈಡುಗಳು ತೋರಿಸುವ ಬೈಲಿ ಡಂಜನ್ ಎಲ್ಲಾ ಇದರ ಕಥೆಯೇ.

ಇಲ್ಲಿ ನನಗೆ ಆಶ್ಚರ್ಯ ಆಗುವುದು ಒಂದು. ಮೋಸ ಹೋದ ಹೈದರ್ ಪಾದ್ರಿಯ ಮೇಲೂ ಹಲ್ಲು ಕಡಿಯಬೇಕಿತ್ತು, ಅಲ್ಲವೇ? ನಾವಾದರೆ ಅದನ್ನೇ ಮಾಡುತ್ತೇವೆ. ಕಾವೇರಿ ಗಲಾಟೆ ಬಂದಾಗಲೆಲ್ಲ ಎರಡೂ ಕಡೆಯವರ ಅನುಮಾನಕ್ಕೆ ಸಿಕ್ಕಿ ಒದ್ದಾಡಿದ ನಮಗೆ ಇದು ಗೊತ್ತು. ಆದರೆ ಹೈದರ್ ಯುದ್ಧದ ನಟ್ಟನಡುವೆ ತನ್ನ ಅಧಿಕಾರಿಗಳಿಗೆ ಅಪ್ಪಣೆ ಕಳಿಸಿದ: ಶ್ವಾರ್ಟ್ಸ್ ಪಾದ್ರಿಯನ್ನು ತಡೆಯಬೇಡಿ, ಗೌರವದಿಂದ ಕಾಣಿರಿ, ಆತನಿಂದ ನನ್ನ ರಾಜ್ಯಕ್ಕೆ ಕೇಡಿಲ್ಲ ಅಂತ. ಕೋಟೆಯ ಫಲಕದಲ್ಲಿರುವುದು ಈ ಸಂಗತಿ. ಕಳಿಸಿದವರ ಸುಳ್ಳನ್ನೂ ಬಂದವನ ಸತ್ಯವನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದುಕೊಳ್ಳುವುದು ಹೈದರನಿಗೆ ತಿಳಿದಿತ್ತು.

ಆ ಯುದ್ಧ ತಂಜಾವೂರಿನ ಜನರನ್ನು ಹಿಂಡಿಬಿಟ್ಟಿತು. ಇದನ್ನು ನಮ್ಮವರು ಹೈದರನ ಶೌರ್ಯ ಹೊಗಳುವಾಗ ನೆನೆಯುವುದಿಲ್ಲ. ಕಾಲುವೆಗಳು ಒಡೆದವು, ಬೆಳೆ ಸುಟ್ಟಿತು, ಬೀದಿಯಲ್ಲಿ ಹೆಣ. ಪಾದ್ರಿ ಕಾಲ ಕೆಡುತ್ತಿರುವುದನ್ನು ಮೊದಲೇ ಕಂಡು, ಬೆಲೆ ಅಗ್ಗವಿದ್ದಾಗ ಹನ್ನೆರಡು ಸಾವಿರ ಕಲಂ ಧಾನ್ಯ ಕೊಂಡಿಟ್ಟಿದ್ದರು. ಅದರಲ್ಲಿ ಹಸಿದವರಿಗೆ ಹಾಕಿದರು. ಕೋಟೆಯೊಳಗೆ ದಾಸ್ತಾನು ಮುಗಿಯಿತು. ಹಳ್ಳಿಗಳಲ್ಲಿ ಧಾನ್ಯ ಇತ್ತು, ತರಲು ಎತ್ತು ಇರಲಿಲ್ಲ. ಯಾಕೆ ಅಂದರೆ ಹಿಂದೆ ಸರ್ಕಾರದವರು ಎತ್ತು ಹಿಡಿದುಕೊಂಡು ಹೋಗಿ ಬಾಡಿಗೆ ಕೊಟ್ಟಿರಲಿಲ್ಲ! ರಾಜ ತುಳಜಾಜಿಯ ಹುಕುಮಿಗೆ ಒಬ್ಬನೂ ಬರಲಿಲ್ಲ. ಕೊನೆಗೆ ಪಾದ್ರಿಯ ಕೈಲಿ ಹೇಳಿಸಿದರು: ಕಾಸು ಕಾಸಿಗೂ ನಾನು ಹೊಣೆ. ಒಂದೆರಡು ದಿನದಲ್ಲಿ ಸಾವಿರ ಎತ್ತು ಬಂದವು. ಎಂಬತ್ತು ಸಾವಿರ ಕಲಂ ಕೋಟೆ ಸೇರಿತು. ಬಾಡಿಗೆಯನ್ನು ಅವರೇ ನಿಂತು ಬಟವಾಡೆ ಮಾಡಿದರು. ಯುದ್ಧ ಮುಗಿದ ಮೇಲೆ ಇನ್ನೊಂದು. ಅಧಿಕಾರಿಗಳ ಸುಲಿಗೆ ತಾಳದೆ ರೈತರು ಊರು ಬಿಟ್ಟು ಓಡಿದ್ದರು. ರಾಜನಿಂದ ನ್ಯಾಯದ ಭರವಸೆ ಪಡೆದು ಪಾದ್ರಿ ಹೇಳಿಕಳಿಸಿದಾಗ ಒಂದೇ ದಿನ ಏಳು ಸಾವಿರ ಜನ ವಾಪಸು ಬಂದು ನೇಗಿಲು ಹಿಡಿದರು.

ಸೆಕ್ಯುರಿಟಿ ಇಲ್ಲ, ಅಡಮಾನ ಇಲ್ಲ. ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಜಾಮೀನು ಕಂಡಿಲ್ಲ.

ಹಾಗಂತ ಅವರನ್ನು ದೇವರಮನೆಯಲ್ಲಿ ಕೂರಿಸುವುದು ಬೇಡ. ಕಂಪನಿ ಅವರ ಹೆಸರನ್ನು ತನ್ನ ಲಾಭಕ್ಕೆ ಬಳಸಿಕೊಂಡಿತು, ಅದರ ಆಡಳಿತ ಕೆಡುಕು ಅಂತ ಅವರಿಗೂ ಪೂರ್ತಿ ಅನ್ನಿಸಲಿಲ್ಲ. ಅವರ ಸಭೆಯಲ್ಲೇ ಮೇಲ್ಜಾತಿಯಿಂದ ಬಂದ ಕ್ರೈಸ್ತರೂ ದಲಿತ ಕ್ರೈಸ್ತರೂ ಬೇರೆ ಬೇರೆ ಕಡೆ ಕೂರುತ್ತಿದ್ದರು. ನಿಧಾನವಾಗಿ ಹೋದೀತು ಅಂತ ಬಿಟ್ಟರು. ಹೋಗಲಿಲ್ಲ. ಮುಂದಿನ ಶತಮಾನದಲ್ಲಿ ಇದೇ ವಿಷಯಕ್ಕೆ ತಂಜಾವೂರಿನ ಸಭೆ ಒಡೆಯಿತು. ಅರಸನ ಎದುರು ರೈತರ ಪರ ನಿಂತವರು ತಮ್ಮದೇ ಚಾವಣಿಯ ಕೆಳಗೆ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಕೊನೆಯ ಪ್ರಕರಣ ಒಬ್ಬ ಹುಡುಗನದು. 1787ರಲ್ಲಿ ತುಳಜಾಜಿ ಸಾಯುವ ಮುಂಚೆ ಹತ್ತು ವರ್ಷದ ಸರಫೋಜಿಯನ್ನು ದತ್ತು ತೆಗೆದುಕೊಂಡು, ಇವನನ್ನು ನೀವೇ ನೋಡಿಕೊಳ್ಳಿ ಅಂತ ಪಾದ್ರಿಯ ಕೈಗೆ ಒಪ್ಪಿಸಲು ನೋಡಿದ. ಪಾದ್ರಿ ಒಪ್ಪಲಿಲ್ಲ, ರಾಜನ ತಮ್ಮ ಅಮರಸಿಂಹನೇ ನೋಡಿಕೊಳ್ಳಲಿ ಅಂದರು. ಆದರೆ ದತ್ತು ಶಾಸ್ತ್ರಸಮ್ಮತವಲ್ಲ ಅಂತ ಪಂಡಿತರಿಂದ ಹೇಳಿಸಿ, ಕಂಪನಿಯ ಒಪ್ಪಿಗೆಯಿಂದ ಅಮರಸಿಂಹ ತಾನೇ ಸಿಂಹಾಸನ ಹತ್ತಿದ. ಹುಡುಗನನ್ನು ಓದಿಸದೆ, ಬೆಳಕಿಲ್ಲದ ಕೋಣೆಯಲ್ಲಿಟ್ಟ. ಪಾದ್ರಿ ಮದ್ರಾಸಿಗೆ ಕಾಗದದ ಮೇಲೆ ಕಾಗದ ಬರೆದರು. ಕೊನೆಗೆ 1793ರಲ್ಲಿ ಸರಫೋಜಿಯನ್ನೂ ತುಳಜಾಜಿಯ ವಿಧವೆಯರನ್ನೂ ಮದ್ರಾಸಿಗೆ ಕರೆತರಲಾಯಿತು. ಹುಡುಗನ ಪಾಠ ನೋಡಿಕೊಂಡವರು ವೇಪೇರಿಯ ಗೆರಿಕೆ ಪಾದ್ರಿ. ದತ್ತಕದ ವಿಚಾರವನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಶ್ವಾರ್ಟ್ಸ್ ಒತ್ತಾಯ ಮಾಡುತ್ತಲೇ ಇದ್ದರು. ಹುಡುಗನನ್ನು ಕ್ರೈಸ್ತನನ್ನಾಗಿ ಮಾಡಿದರೇ? ಇಲ್ಲ. ಸರಫೋಜಿ ಕೊನೆತನಕ ಹಿಂದೂವಾಗೇ ಇದ್ದ. ಸರಸ್ವತಿ ಮಹಲ್ ಗ್ರಂಥಾಲಯವನ್ನು ಬೆಳೆಸಿದವನು ಅವನೇ.

ಶ್ವಾರ್ಟ್ಸ್ ತೀರಿಕೊಂಡದ್ದು 1798ರ ಫೆಬ್ರವರಿ 13ರಂದು. ಸರಫೋಜಿಗೆ ಪಟ್ಟವಾದದ್ದು ಅದೇ ವರ್ಷ ಜೂನ್ ಕೊನೆಗೆ, ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಮರುವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಅಕ್ಟೋಬರಿನಲ್ಲಿ ತಂಜಾವೂರಿನ ಆಡಳಿತವನ್ನು ಕಂಪನಿ ಬರೆಸಿಕೊಂಡಿತು, ರಾಜನಿಗೆ ಕೋಟೆ ಮತ್ತು ಪಿಂಚಣಿ ಉಳಿಯಿತು. ಲಂಡನ್ನಿನ ಶಿಲ್ಪಿ ಫ್ಲಾಕ್ಸ್‌ಮನ್‌ನಿಂದ ಸರಫೋಜಿ ಮಾಡಿಸಿದ ಅಮೃತಶಿಲೆಯ ಶಿಲ್ಪ ತಂಜಾವೂರಿನ ಶ್ವಾರ್ಟ್ಸ್ ಚರ್ಚಿನಲ್ಲಿದೆ. ಅದರಲ್ಲಿ ಪಾದ್ರಿ ಹಾಸಿಗೆಯ ಮೇಲೆ ಮಲಗಿದ್ದಾರೆ. ಪಕ್ಕದಲ್ಲಿ ಮುಂಡಾಸು ಧರಿಸಿದ ತರುಣ ರಾಜ ಅವರ ಕೈ ಹಿಡಿದು ನಿಂತಿದ್ದಾನೆ.