ಅಲ್ಪವೆಚ್ಚದ ಆಕಾಶಯುದ್ಧ

ಯುದ್ಧದ ಚಲನಚಿತ್ರಗಳಲ್ಲಿ ಆಕಾಶಯುದ್ಧದ ಚಿತ್ರದಷ್ಟು ದುಬಾರಿಯಾದದ್ದು ಬೇರೊಂದಿಲ್ಲ. ಕಾಲಾಳುಗಳ ಕಾಳಗವನ್ನು ಒಂದು ಬಯಲು, ನೂರು ಜನ, ಒಂದಿಷ್ಟು ಹಳೆಯ ಕೋವಿಗಳಿಂದ ಹೇಗೋ ತೂಗಿಸಬಹುದು. ಆಕಾಶಕ್ಕೆ ಏರಬೇಕಾದರೆ ವಿಮಾನ ಬೇಕು, ಅದನ್ನು ಹಾರಿಸುವವರು ಬೇಕು, ಅದರ ಬೆನ್ನುಹತ್ತಿ ಚಿತ್ರ ತೆಗೆಯಲು ಇನ್ನೊಂದು ವಿಮಾನ ಬೇಕು. ಆದರೂ ಯುದ್ಧವಿಮಾನಗಳ ಚಾಲಕರನ್ನು ಕುರಿತು ಕಡಿಮೆ ಹಣದ ಚಿತ್ರಗಳು ಎರಡನೆಯ ಮಹಾಯುದ್ಧದ ಕಾಲದಿಂದಲೂ ಬಂದಿವೆ. ಇದು ಸಿನಿಮಾದವರ ವಿಚಾರ, ನಮಗೇಕೆ ಎಂದು ಸಾಹಿತ್ಯಾಸಕ್ತರು ಬದಿಗೆ ಸರಿಯಬೇಕಾಗಿಲ್ಲ. ಕಾಣಿಸಲಾಗದ್ದನ್ನು ಕಾಣಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿದೆ. ಅದು ಕಾವ್ಯದ್ದೂ ಹೌದು. ಕಾರಟಗಿ, ಗಂಗಾವತಿ, ಕೊಪ್ಪಳದ ಸುತ್ತಿನ ನಮಗಂತೂ ಈ ಯುದ್ಧದೊಡನೆ ಚರಿತ್ರೆಯ ನಂಟೂ ಉಂಟು.

ಮೊದಲು ನಮ್ಮ ಸೀಮೆಯ ಕಲೆಯನ್ನೇ ನೆನೆಯೋಣ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರು ಬಾಳಿನುದ್ದಕ್ಕೂ ಆಡಿಸಿಕೊಂಡು ಬಂದದ್ದು ತೊಗಲುಗೊಂಬೆ. ಒಂದು ಬಿಳಿಯ ಪರದೆ, ಅದರ ಹಿಂದೆ ಒಂದು ದೀಪ, ಬಣ್ಣ ಹಚ್ಚಿದ ತೊಗಲು, ಒಂದು ಕಂಠ; ಇಷ್ಟೇ ಆ ಕಲೆಯ ಬಂಡವಾಳ. ಹನುಮ ಕಡಲು ಹಾರುವುದು, ಇಂದ್ರಜಿತು ಮೋಡದ ಮರೆಯಿಂದ ಬಾಣ ಬಿಡುವುದು ಮುಂತಾದ ರಾಮಾಯಣದ ಆಕಾಶಕಾರ್ಯಗಳೆಲ್ಲ ಇಂಥ ಪರದೆಯ ಮೇಲೆ ನಡೆದುಹೋಗುತ್ತವೆ. ಅಲ್ಲಿ ಗೊಂಬೆ ಹಾರುವುದಕ್ಕಿಂತ ಕಂಠ ಹಾರುತ್ತದೆ. ಉಳಿದದ್ದನ್ನು ನೋಡುವವನ ಮನಸ್ಸು ತುಂಬಿಕೊಳ್ಳುತ್ತದೆ. ಬಡತನವನ್ನು ಮುಚ್ಚಿಡದೆ ಅದನ್ನೇ ಕಲೆಯ ನಿಯಮವಾಗಿ ಮಾಡಿಕೊಂಡದ್ದು ಅದರ ಹಿರಿಮೆ.

ಪಶ್ಚಿಮದ ಬಡ ನಿರ್ಮಾಪಕರು ಇದೇ ಕಷ್ಟವನ್ನು ಮೂರು ಬಗೆಯಲ್ಲಿ ಎದುರಿಸಿದರು. ಮೊದಲನೆಯದು ಎರವಲಿನ ದಾರಿ. 1969ರಲ್ಲಿ ಬಂದ 'ಮಾಸ್ಕಿಟೋ ಸ್ಕ್ವಾಡ್ರನ್' ಎಂಬ ಚಿತ್ರ, ಐದು ವರ್ಷ ಹಿಂದಿನ '633 ಸ್ಕ್ವಾಡ್ರನ್' ಚಿತ್ರದ ಹಾರಾಟದ ದೃಶ್ಯಗಳನ್ನೇ ಕತ್ತರಿಸಿ ತನ್ನೊಳಗೆ ಸೇರಿಸಿಕೊಂಡಿತು. ಒಂದೇ ವಿಮಾನ ಎರಡು ಕಥೆಗಳಲ್ಲಿ ಬಿದ್ದು ಉರಿಯಿತು. ಎರಡನೆಯದು ಬೆರ್ಚಪ್ಪನ ದಾರಿ. ಅಗ್ಗದ ಕೌಬಾಯ್ ಚಿತ್ರಗಳಿಗೆ ಹೆಸರಾಗಿದ್ದ ರಿಪಬ್ಲಿಕ್ ಸಂಸ್ಥೆ 1942ರಲ್ಲಿ ಜಾನ್ ವೇನ್ ನಾಯಕನಾಗಿ 'ಫ್ಲೈಯಿಂಗ್ ಟೈಗರ್ಸ್' ಚಿತ್ರ ತೆಗೆದಾಗ ನಿಜವಾದ ಯುದ್ಧವಿಮಾನಗಳೆಲ್ಲ ಯುದ್ಧಕ್ಕೇ ಬೇಕಾಗಿದ್ದವು. ನೆಲದ ದೃಶ್ಯಗಳಿಗೆ ಹುಸಿ ವಿಮಾನಗಳನ್ನು ಕಟ್ಟಿದರು. ಆಕಾಶದ ಕಾಳಗಕ್ಕೆ ಪುಟ್ಟ ಮಾದರಿಗಳನ್ನು ತಂತಿಗಳ ಮೇಲೆ ಓಡಿಸಿದರು.

ಮೂರನೆಯದು ನೆಲದ ದಾರಿ; ನನ್ನ ಮಟ್ಟಿಗೆ ಅದೇ ರಾಜಮಾರ್ಗ. 1952ರಲ್ಲಿ ತೆರೆಕಂಡ 'ಏಂಜಲ್ಸ್ ಒನ್ ಫೈವ್' ಎಂಬ ಬ್ರಿಟಿಷ್ ಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. 1940ರ ಬ್ರಿಟನ್ನಿನ ಕಾಳಗ ಅದರ ವಸ್ತು. ಹರಿಕೇನ್ ವಿಮಾನಗಳು ಆ ವೇಳೆಗೆ ಎಷ್ಟು ಅಪರೂಪವಾಗಿದ್ದವೆಂದರೆ ಕೆಲವನ್ನು ಪೋರ್ಚುಗಲ್ಲಿನ ವಾಯುಪಡೆಯಿಂದ ತರಿಸಬೇಕಾಯಿತು. ಹೀಗಾಗಿ ಚಿತ್ರದ ಬಹುಭಾಗ ನಡೆಯುವುದು ನೆಲದ ಮೇಲೆ, ಅದರಲ್ಲೂ ಕಾರ್ಯಾಚರಣೆಯ ಕೋಣೆಯಲ್ಲಿ. ಮೇಜಿನ ಮೇಲೆ ಹಾಸಿದ ನಕ್ಷೆ, ಅದರ ಮೇಲೆ ಗುರುತುಗಳನ್ನು ಸರಿಸುತ್ತಿರುವ ಹೆಣ್ಣುಮಕ್ಕಳು, ಗೋಡೆಯ ಗಡಿಯಾರ, ಧ್ವನಿವರ್ಧಕದಲ್ಲಿ ಚಾಲಕರ ಮಾತು. ಕೊನೆಗೆ ಗಾಯಗೊಂಡ ತರುಣನೊಬ್ಬ ಮರಳಿ ಬರಲಾಗದೆಂಬುದನ್ನು ಆ ಕೋಣೆಯಲ್ಲಿರುವವರು ಅವನ ದನಿಯಿಂದಲೇ ತಿಳಿಯುತ್ತಾರೆ. ಅವನು ಬೀಳುವುದನ್ನು ಕಂಡಿದ್ದರೆ ಅಷ್ಟು ನೋಯುತ್ತಿರಲಿಲ್ಲ, ಕೇಳಿದ್ದರಿಂದ ನೋಯುತ್ತದೆ. ಬಾನುಲಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಚಿತ್ರದ ಚಿತ್ರೀಕರಣ ನಡೆದದ್ದು ಲಂಡನ್ನಿನ ದಕ್ಷಿಣಕ್ಕಿರುವ ಕೆನ್ಲಿ ವಿಮಾನನೆಲೆಯಲ್ಲಿ. 1940ರ ಆಗಸ್ಟ್ ಕೊನೆಯಲ್ಲಿ ಆ ನೆಲೆಗೆ ಬಂದು ಹರಿಕೇನ್‌ಗಳನ್ನು ಹಾರಿಸಿ ಕಾದಿದ ದಳಗಳಲ್ಲಿ ಒಂದು 253ನೆಯ ದಳ. ಅದರ ಪೂರ್ಣ ಹೆಸರಿನಲ್ಲಿ 'ಹೈದರಾಬಾದ್ ಸ್ಟೇಟ್' ಎಂಬ ಎರಡು ಪದಗಳಿದ್ದವು. ಅದೇ ಕಾಳಗದಲ್ಲಿ ಇಂಗ್ಲೆಂಡಿನ ನೈಋತ್ಯದ ವಾರ್ಮ್‌ವೆಲ್‌ನಿಂದ ಸ್ಪಿಟ್‌ಫೈರ್‌ಗಳನ್ನು ಹಾರಿಸಿದ 152ನೆಯ ದಳಕ್ಕೆ 'ಹೈದರಾಬಾದ್' ಎಂದೇ ಹೆಸರು. ಅದರ ಲಾಂಛನದಲ್ಲಿದ್ದದ್ದು ನಿಜಾಮರ ಶಿರೋಭೂಷಣ. ಧ್ಯೇಯವಾಕ್ಯವಾಗಿದ್ದದ್ದು ನಿಜಾಮರಿಗೆ ಆಂಗ್ಲರು ಕೊಟ್ಟಿದ್ದ ನಂಬಿಗಸ್ತ ಮಿತ್ರನೆಂಬ ಬಿರುದು. 1943ರ ಕೊನೆಗೆ ಆ ದಳ ನಮ್ಮ ಪೂರ್ವದ ಗಡಿಗೆ, ಬರ್ಮಾದ ರಣರಂಗಕ್ಕೆ ಬಂದಿತು. ಈ ಹೆಸರುಗಳು ಬಂದದ್ದು ನಿಜಾಮರು ಬ್ರಿಟನ್ನಿಗೆ ಕೊಟ್ಟ ಯುದ್ಧದ ಕಾಣಿಕೆಯಿಂದ.

ಆ ಕಾಲದಲ್ಲಿ ನಮ್ಮ ಕಾರಟಗಿ, ಗಂಗಾವತಿಗಳು ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ಇಂದು ಭತ್ತದ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಇರುವ ಈ ನೆಲಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆ ಇನ್ನೂ ಬಂದಿರಲಿಲ್ಲ. ಅಣೆಕಟ್ಟಿನ ಅಡಿಗಲ್ಲು ಬಿದ್ದದ್ದೇ 1945ರಲ್ಲಿ. ಮಳೆಯನ್ನು ನಂಬಿ ಜೋಳ ಬೆಳೆಯುತ್ತಿದ್ದ ರೈತನ ಭೂಕಂದಾಯ ಆ ಸಂಸ್ಥಾನದ ಐಶ್ವರ್ಯಕ್ಕೆ ದೊಡ್ಡ ಆಧಾರವಾಗಿತ್ತು. ಕಾಣಿಕೆ ಅರಸನ ಹೆಸರಿನಲ್ಲಿ ಹೋಯಿತು. ಅದರ ಹಿಂದಿನ ಬೆವರಿಗೆ ಯಾವ ಲಾಂಛನವೂ ಇರಲಿಲ್ಲ. ಮೈಸೂರಿನದೂ ಇದೇ ಕಥೆ. 1941ರಲ್ಲಿ ಕಟ್ಟಿದ 129ನೆಯ ದಳಕ್ಕೆ ಮೈಸೂರು ಮಹಾರಾಜರ ಕಾಣಿಕೆಯಿಂದಾಗಿ 'ಮೈಸೂರು' ಎಂಬ ಹೆಸರು ಬಂದಿತು. ಅದರ ಲಾಂಛನವಾಗಿ ಕನ್ನಡಿಗರ ಗಂಡಭೇರುಂಡವೇ ಸಂದಿತು. ಆ ಹೆಸರು ಹೊತ್ತ ಸ್ಪಿಟ್‌ಫೈರ್‌ಗಳು 1942ರ ಆಗಸ್ಟಿನಲ್ಲಿ ಫ್ರಾನ್ಸಿನ ದಿಯಪ್ ದಾಳಿಯಲ್ಲಿ ಕಾದಿದವು. ಗಂಡಭೇರುಂಡ ಹೀಗೆ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತೆಂಬುದು ನಮ್ಮ ಶಾಲೆಗಳ ಪಾಠದಲ್ಲಿ ಕಾಣಿಸದ ಸಂಗತಿ.

ಹಣ ಮಾತ್ರವಲ್ಲ, ಕೈಗಳೂ ನಮ್ಮವಾಗಿದ್ದವು. ಮೇಲೆ ಹೇಳಿದ 'ಫ್ಲೈಯಿಂಗ್ ಟೈಗರ್ಸ್' ಚೀನಾದ ಪರವಾಗಿ ಹೋರಾಡಿದ ಅಮೆರಿಕದ ಚಾಲಕರ ಕಥೆ. ಆ ಚಾಲಕರನ್ನು ನೇಮಿಸಿಕೊಂಡ ಕಂಪೆನಿಯ ಹಿಂದಿದ್ದವನು ವಿಲಿಯಂ ಪಾಲಿ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದಾಗ ಅವರಿಗೆ ಯಂತ್ರ, ತಜ್ಞರನ್ನು ಒದಗಿಸಲು ನೆರವಾದವನೂ ಅವನೇ. 1942ರಲ್ಲಿ ಅಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು. ಮರುವರ್ಷದಿಂದ ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿಗೆ ಮೀಸಲಾಯಿತು. ಹಾಲಿವುಡ್ಡಿನವರು ಹುಸಿ ವಿಮಾನ ಕಟ್ಟುತ್ತಿದ್ದಾಗ ಬೆಂಗಳೂರಿನ ಕೆಲಸಗಾರರು ನಿಜವಾದವುಗಳಿಗೆ ರಿವೆಟ್ ಹೊಡೆಯುತ್ತಿದ್ದರು. ಆ ಯುದ್ಧದಲ್ಲಿ ನಮ್ಮ ಪಾಲು ಬಹುತೇಕ ನೆಲದ ಮೇಲಿನದು. ಅದನ್ನು ಕಾಣಲು ನೆಲವನ್ನು ನೋಡುವ ಕ್ಯಾಮೆರಾ ಬೇಕು.

ಸ್ವಾತಂತ್ರ್ಯಾನಂತರ ಹಿಂದಿಯಲ್ಲಿ ಈ ಬಗೆಯ ಚಿತ್ರಗಳು ಬಂದವು. 'ಹಕೀಕತ್' ಖ್ಯಾತಿಯ ಚೇತನ್ ಆನಂದ್ 1973ರಲ್ಲಿ 'ಹಿಂದೂಸ್ತಾನ್ ಕೀ ಕಸಂ' ತೆಗೆದರು. ಶಶಿ ಕಪೂರ್ ನಿರ್ಮಿಸಿದ 'ವಿಜೇತಾ' 1982ರಲ್ಲಿ ಬಂದಿತು. ಅದರ ನಿರ್ದೇಶಕರಾದ ಗೋವಿಂದ್ ನಿಹಲಾನಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ; ಅವರು ಪಳಗಿದ್ದು ಮೈಸೂರಿನ ವಿ. ಕೆ. ಮೂರ್ತಿಯವರ ಕೈಕೆಳಗೆ. ವಾಯುಪಡೆಯ ಸಹಕಾರದಿಂದ ನಿಜವಾದ ಮಿಗ್ ವಿಮಾನಗಳು ಅದರಲ್ಲಿ ಹಾರಿದರೂ, ನೆನಪಿನಲ್ಲಿ ನಿಲ್ಲುವುದು ತಂದೆತಾಯಿಗಳ ಮನಸ್ತಾಪದ ನಡುವೆ ತನ್ನನ್ನು ತಾನು ಹುಡುಕುವ ತರುಣನ ಕಥೆ. ವಿಮಾನ ಕೊಟ್ಟವರಿಗೆ ಚಿತ್ರ ಋಣಿಯಾಗಿರಬೇಕಾಗುತ್ತದೆ. ಋಣವಿದ್ದಲ್ಲಿ ಪ್ರಶ್ನೆಯ ದನಿ ತಗ್ಗುತ್ತದೆ. ಅಲ್ಪವೆಚ್ಚದ ಚಿತ್ರಕ್ಕೆ ಆ ಋಣದಿಂದ ತಪ್ಪಿಸಿಕೊಳ್ಳುವ ಅವಕಾಶವಾದರೂ ಇರುತ್ತದೆ.

ಈ ಮಾತಿಗೆ ಕನ್ನಡ ನಾಡಿನದೇ ಆದ ಪರೀಕ್ಷೆಯೊಂದಿದೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ಮಿಸ್ಟೇರ್ ವಿಮಾನಗಳು ದಾಳಿಗೆ ಹೊರಟಾಗ ಅವರು ಹೆಚ್ಚುವರಿಯಾಗಿ ಕಾದಿರಿಸಿದ ಚಾಲಕರಾಗಿದ್ದರು. ಬೇರೊಬ್ಬರು ಹಿಂದುಳಿದರೆ ಮಾತ್ರ ಅವರ ಸರದಿ. ಅವರು ಹೋದರು, ಮರಳಲಿಲ್ಲ. ಶಬ್ದವೇಗವನ್ನು ಮೀರಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದು ಎದುರಾದಾಗ, ತಮ್ಮ ವಿಮಾನಕ್ಕೆ ಏಟು ಬಿದ್ದಿದ್ದರೂ ಅವರು ತಿರುಗಿಬಿದ್ದು ಅದನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಕೊಡೆಬಿಚ್ಚಿ ಇಳಿದು ಬದುಕಿದರು. ಈ ದ್ವಂದ್ವಯುದ್ಧ ನಮ್ಮವರ ಅರಿವಿಗೆ ಬಂದದ್ದು ಬಹುಕಾಲದ ಮೇಲೆ, 1979ರಲ್ಲಿ ಆಂಗ್ಲ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಬರೆದ ಗ್ರಂಥದ ಮೂಲಕ. ಮಹಾವೀರ ಚಕ್ರ ಸಂದದ್ದು 1988ರಲ್ಲಿ. ನಡುವೆ ಇಪ್ಪತ್ತಮೂರು ವರ್ಷಗಳು.

2025ರ ಜನವರಿಯಲ್ಲಿ ಅಕ್ಷಯ್ ಕುಮಾರ್ ನಟಿಸಿದ 'ಸ್ಕೈ ಫೋರ್ಸ್' ಹಿಂದಿ ಚಿತ್ರ ಈ ಘಟನೆಯನ್ನು ಆಧರಿಸಿ ಬಂದಿತು. ಹಣಕ್ಕೂ ಗಣಕಯಂತ್ರದ ಕೈಚಳಕಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಆದರೆ ದೇವಯ್ಯನವರ ಪಾತ್ರಕ್ಕೆ ಬೇರೆ ಹೆಸರಿಟ್ಟರು. ಕಥೆಯ ಅನುಕೂಲಕ್ಕೆ ಹೆಸರು ಬದಲಿಸುವುದು ಸಿನಿಮಾದ ರೂಢಿಯಿರಬಹುದು. ಆದರೆ ಇಪ್ಪತ್ತಮೂರು ವರ್ಷ ಹೆಸರಿಲ್ಲದೆ ಉಳಿದವನ ಕಥೆ ಹೇಳುವಾಗ, ಕೊಡಬಹುದಾದ ಮೊದಲ ಗೌರವ ಅವನ ಹೆಸರೇ ಅಲ್ಲವೆ? ಆ ಕೆಲವು ಕ್ಷಣಗಳ ಕಾಳಗವನ್ನು ತೋರಿಸಲು ಕೋಟಿಗಳು ಬೇಕು. ಬಾಗಿಲ ಸದ್ದಿಗೆ ಕಿವಿಗೊಟ್ಟು ಮಕ್ಕಳನ್ನು ಬೆಳೆಸಿದ ಮಡದಿಯ ಇಪ್ಪತ್ತಮೂರು ವರ್ಷಗಳನ್ನು ತೋರಿಸಲು ಒಂದು ಮನೆ, ಒಂದು ಅಂಚೆಯ ಪೆಟ್ಟಿಗೆ, ಒಬ್ಬ ನಟಿ ಸಾಕು.

ಅದೇ ಯುದ್ಧದ ಇನ್ನೊಂದು ಪ್ರಸಂಗ. 1965ರ ಸೆಪ್ಟೆಂಬರ್ 22ರಂದು ಹಂಟರ್ ವಿಮಾನದ ಚಾಲಕ ನಂದಾ ಕಾರ್ಯಪ್ಪ ಶತ್ರುವಿನ ನೆಲದಲ್ಲಿ ಸೆರೆಯಾದರು. ತಂದೆ ಜನರಲ್ ಕಾರ್ಯಪ್ಪನವರು ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ಅವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡಲು ಸಿದ್ಧರೆಂದು ತಿಳಿಸಿದರು. ಸೆರೆಸಿಕ್ಕ ಸೈನಿಕರೆಲ್ಲರೂ ತನಗೆ ಮಕ್ಕಳೇ ಎಂದು ತಂದೆ ವಿಶೇಷ ರಿಯಾಯಿತಿಯನ್ನು ನಿರಾಕರಿಸಿದರು. ಕಾಫಿಯ ನಾಡಿನ ಮಳೆಗಾಲ, ಒಬ್ಬ ಮುದುಕ, ರೇಡಿಯೋ ಪೆಟ್ಟಿಗೆ; ಇದಕ್ಕಿಂತ ದೊಡ್ಡ ಯುದ್ಧದೃಶ್ಯವನ್ನು ಬರೆಯಲು ಯಾವ ವಿಮಾನ ಬೇಕು?

ರನ್ನ ಈ ರಹಸ್ಯವನ್ನು ಸಾವಿರ ವರ್ಷಗಳ ಹಿಂದೆಯೇ ಬಲ್ಲವನಾಗಿದ್ದ. 'ಗದಾಯುದ್ಧ'ದಲ್ಲಿ ಓದುಗರನ್ನು ಕಲಕುವುದು ಕೇವಲ ಗದೆಗಳ ತಾಗುವಿಕೆಯಲ್ಲ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ದುರ್ಯೋಧನ, ಗುರುವನ್ನು, ತಮ್ಮನನ್ನು, ಗೆಳೆಯ ಕರ್ಣನನ್ನು ಒಬ್ಬೊಬ್ಬರಾಗಿ ಕಂಡು ನಿಲ್ಲುವ ಭಾಗ. ಯುದ್ಧ ಮುಗಿದ ಮೇಲಿನ ಮೌನದಲ್ಲಿ ಯುದ್ಧದ ಅರ್ಥ ತೆರೆದುಕೊಳ್ಳುತ್ತದೆ.

ಅಗ್ಗದ ಚಿತ್ರವೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಹಣದ ಕೊರತೆಯನ್ನು ಅಬ್ಬರದ ಮಾತಿನಿಂದ ತುಂಬುವ, ಶತ್ರುವನ್ನು ಬಫೂನನಾಗಿ ಮಾಡಿ ಚಪ್ಪಾಳೆ ಗಿಟ್ಟಿಸುವ ಚಿತ್ರಗಳೂ ಧಾರಾಳವಾಗಿವೆ. ದೇವಯ್ಯನವರ ಶೌರ್ಯ ಲೋಕಕ್ಕೆ ತಿಳಿದದ್ದು ಎದುರಾಳಿಯ ಕಡೆಯ ವೃತ್ತಾಂತದಿಂದ ಎಂಬುದನ್ನು ಅಂಥವರು ನೆನೆಯಬೇಕು.

ಕನ್ನಡದಲ್ಲಿ ಸೈನಿಕನ ಕಥೆಯೆಂದರೆ ರಾಜೇಂದ್ರಸಿಂಗ್ ಬಾಬು ಅವರ 1990ರ 'ಮುತ್ತಿನಹಾರ' ಮೊದಲು ನೆನಪಾಗುತ್ತದೆ. ಅದರ ನಾಯಕನೂ ಕೊಡಗಿನ ಯೋಧ, ಆದರೆ ಭೂಸೇನೆಯವನು. ವಾಯುಯೋಧನ ಚಿತ್ರ ನಮ್ಮ ಕೈಗೆಟುಕದ್ದೆಂದು ನಿರ್ಮಾಪಕರು ಹೇಳಬಹುದು. 1970ರ 'ಸಂಸ್ಕಾರ', 1977ರ 'ಘಟಶ್ರಾದ್ಧ' ಚಿತ್ರಗಳನ್ನು ಸಣ್ಣ ಹಣದಲ್ಲಿ ತೆಗೆದು ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ತಂದ ಭಾಷೆ ಈ ಮಾತನ್ನು ಒಪ್ಪಬೇಕಾಗಿಲ್ಲ. ಸರಗೋಧಾದ ಆಕಾಶವನ್ನು ಒಂದು ಧ್ವನಿವರ್ಧಕಕ್ಕೆ ಬಿಟ್ಟು, ಕ್ಯಾಮೆರಾವನ್ನು ಕೊಡಗಿನ ಒಂದು ಮನೆಯ ಜಗಲಿಯಲ್ಲಿ ನಿಲ್ಲಿಸಬಲ್ಲ ಒಬ್ಬ ತರುಣ ನಿರ್ದೇಶಕ ಬಂದರೆ ಸಾಕು. ಅವನ ಚಿತ್ರದಲ್ಲಿ ನಾಯಕನ ಹೆಸರು ಮಾತ್ರ ಅಜ್ಜಮಾಡ ದೇವಯ್ಯ ಎಂದೇ ಇರಲಿ.